ಲಾಭ, ಎರಡು, ಮೂರು

ನವನಗರದ ಮೂವತ್ತೆಂಟನೇ ಸೆಕ್ಟರಿನಲ್ಲಿ
ಬಾಗಿಲಿಗೊಂದು ಸಂಖ್ಯೆ, ಸಂಖ್ಯೆಗೊಂದು ಗಿಡ್ಡ ಗೇಟು.
ಹಜರೇಸಾಬ ನದಾಫರ ಮನೆ ಯಾವುದೆಂದರೆ
ಯಾರಿಗೂ ಗೊತ್ತಿಲ್ಲ.
ಅಡತಿ ಸೊಸೈಟಿಯ ಕಂಪ್ಯೂಟರ್ ಸಾಬ್ರು ಎಂದೆ:
ಮೂರು ಮಂದಿ ಕೈ ಮಾಡಿ ತೋರಿಸಿದರು.

ನನ್ನ ಬ್ಯಾಗಿನಲ್ಲಿ ಅವರದೇ ಲೆಕ್ಕ.
ಫಾಕ್ಸ್‌ಪ್ರೊದಲ್ಲಿ ಬರೆದದ್ದು, ಮೂವತ್ತು ವರ್ಷ ಓಡಿದ್ದು,
ಹನ್ನೊಂದು ಸಾವಿರ ಸಾಲು.
ಉದ್ದ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ:
ಜೋತೂ ಎಂದರೆ ಜೋಳದ ತೂಕ, ಹಮಾ ಎಂದರೆ ಹಮಾಲಿ,
ಹಮಾ2 ಎಂದರೆ ದೇವರೇ ಬಲ್ಲ.
ಮೊನ್ನೆ ಒಂದು ಯಂತ್ರ ಅದನ್ನೆಲ್ಲ ಜಾವಾಕ್ಕೆ ತಿರುಗಿಸಿತು,
ನಾನು ಚಹಾ ಕುಡಿದು ಬರುವಷ್ಟರಲ್ಲಿ.
ಒಂದೂ ತಪ್ಪು ತೋರಿಸಲಿಲ್ಲ.
ಅಲ್ಲೇ ನನಗೆ ಅನುಮಾನ.

ಹಳೆಯದನ್ನೂ ಹೊಸದನ್ನೂ ಜೋಡೆತ್ತಿನ ಹಾಗೆ
ಒಂದೇ ದಿನದ ಆವಕಕ್ಕೆ ಹೂಡಿ ನೋಡಿದೆ.
ಪ್ರತಿ ರೈತನ ಮೊದಲ ಚೀಲ ಮಾಯ.
ತೂಗಿದ್ದು ಹನ್ನೆರಡು, ಬರೆದದ್ದು ಹನ್ನೊಂದು.
ಯಂತ್ರದ ತಪ್ಪೆಂದರೆ, ಅದು ಎಳ್ಳಷ್ಟೂ ತಪ್ಪಲಿಲ್ಲ;
ಒಂದು ಎಂದಿದ್ದಲ್ಲಿ ಒಂದು ಎಂದೇ ಇಟ್ಟಿತು.
ಆ ಭಾಷೆಯ ಓಣಿಯಲ್ಲಿ ಒಂದು ಎಂದರೆ ಮೊದಲ ಮನೆ,
ಈ ಭಾಷೆಯಲ್ಲಿ ಎರಡನೆಯದು.
ಸೊನ್ನೆಯ ಬಾಗಿಲು ತಟ್ಟುವವರೇ ಇಲ್ಲ.

ಅರ್ಧ ಪೈಸೆಯದು ಬೇರೆ ತಕರಾರು.
ಅದು ಮೇಲಕ್ಕೇರಿಸುತ್ತಿತ್ತು, ಇದು ಸಮಸಂಖ್ಯೆಯ ಕಡೆ ವಾಲುತ್ತದೆ.
ವರ್ಷದ ಕೊನೆಗೆ ಒಂಬತ್ತು ರೂಪಾಯಿ ನಲವತ್ತು ಪೈಸೆ
ಯಾರ ಕಿಸೆಗೂ ಸೇರದೆ ನಡುವೆ ತೂಗಾಡಿತು.

ಸಾಬ್ರು ಕನ್ನಡಕ ಹಣೆಗೇರಿಸಿ ನಕ್ಕರು.
"ರಾಶಿ ಅಳಿಯೂದು ನೋಡೀಯೇನವ್ವಾ?
ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ.
ಲಾಭ. ಆಮ್ಯಾಲೆ ಎರಡು, ಮೂರು.
ನಿನ್ನ ಯಂತ್ರಕ್ಕ ಲಾಭ ಗೊತ್ತಿಲ್ಲ."

ಏಳು ಸಾವಿರದ ಚಿಲ್ಲರೆ ಸಾಲಿಗೆ ಬೆರಳಿಟ್ಟೆ:
ಖಾತೆ 417 ಆದರೆ ಅಡತಿ ಇಲ್ಲ, ಹಮಾಲಿ ಇಲ್ಲ.
ಇದನ್ನು ಸರಿಯಾಗಿಯೇ ತಿರುಗಿಸಿದೆ ಯಂತ್ರ,
ಪಕ್ಕಕ್ಕೊಂದು ಸಲಹೆ ಕೂಡ:
ಇಪ್ಪತ್ತು ವರ್ಷದಿಂದ ಬಳಕೆಯಿಲ್ಲ, ತೆಗೆಯಬಹುದು.
ಯಾರಿದು?

ಅವರು ಪರದೆ ನೋಡಿದರು,
ಆಮೇಲೆ ಪರದೆಯಾಚೆ, ಬಹಳ ಹೊತ್ತು.
"ನಿಂಬೆವ್ವ. ಹಳೇ ಊರಾಗ, ಅಡತಿ ಕಟ್ಟಿ ಕೆಳಗ
ಉದುರಿದ ಜೋಳ ಗುಡಿಸಿ ಉಡ್ಯಾಗ ತರತಿದ್ಲು.
ಎರಡು ಕಿಲೊ, ಮೂರು ಕಿಲೊ.
ಅದಕ್ಕೂ ಪಾವತಿ ಬೇಕು ಅಕಿಗೆ, ಸಾವಕಾರ್ರಗತೆ."
ಒಂದು ಟಿಪ್ಪಣಿ ಬರೆಯಬಹುದಿತ್ತಲ್ಲ ಎಂದೆ.
"ಇಡೀ ಪ್ಯಾಟಿಗೆ ಗೊತ್ತಿದ್ದದ್ದನ್ನ
ಯಾರರ ಬರದಿಡತಾರೇನವ್ವಾ?"

ಹಿನ್ನೀರು ಬಂದಾಗ ಈ ಊರನ್ನೂ ಹೀಗೆಯೇ ತಿರುಗಿಸಿದ್ದರು:
ಮನೆಗೆ ಮನೆ, ಅಂಗಡಿಗೆ ಅಂಗಡಿ, ಪಟ್ಟಿ ಹಿಡಿದು.
ಪಟ್ಟಿಯಲ್ಲಿ ಕಟ್ಟೆ ಇರಲಿಲ್ಲ.
ಕಟ್ಟೆಯ ಕೆಳಗೆ ಉದುರುವುದೂ ಇರಲಿಲ್ಲ.

ರಾತ್ರಿ ಕೂತು ತಿದ್ದಿದೆ.
417ರ ನೆತ್ತಿಯ ಮೇಲೆ ಕನ್ನಡದಲ್ಲೇ ಬರೆದೆ,
ಯಂತ್ರ ಓದದೆ ದಾಟಿಹೋಗುವ ಸಾಲು:
ನಿಂಬೆವ್ವ. ಗುಡಿಸಿದ ಜೋಳ. ತೆಗೆಯಬಾರದು.
ಅರ್ಧ ಪೈಸೆಯ ಜಗಳ ಇನ್ನೂ ಬಗೆಹರಿದಿಲ್ಲ.
ಮೊದಲ ಚೀಲವನ್ನು ಸೊನ್ನೆ ಎಂದು ಕರೆಯಲು ಕೈ ಬರಲಿಲ್ಲ,
ಅದಕ್ಕೊಂದು ಹೆಸರಿಟ್ಟೆ.

ಬೆಳಿಗ್ಗೆ ಆಡಿಟರ ಫೋನು, ಗಾಬರಿಯ ದನಿ:
"ಏನ್ರೀ ಮೇಡಂ, ಮೊದಲನೇ ಪುಟದಾಗ ಬರದೀರಲ್ರೀ,
ಲಾಭ = 0?"