ಜಿ. ಮುರನಾಳ

ನವನಗರ, ನಲವತ್ತೈದನೇ ಸೆಕ್ಟರು, ಝೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆ.
ಬೋರ್ಡಿನಲ್ಲಿ ‘ನಿಮ್ಮ ನಾಳೆ, ನಮ್ಮ ಲೆಕ್ಕ’.
ನಾಳೆಗಳು ನನ್ನ ಹತ್ತಿರ ಸಾಲುಗಟ್ಟಿ ಬರುತ್ತವೆ:
ಹೆಸರು, ವಯಸ್ಸು, ಫೋನು, ತಿಂಗಳ ಕಂತು, ಗುರಿ.

ಬೆಳಗಿನ ಕೆಲಸ ಹಸನು ಮಾಡುವುದು.
ನೀ ಜೋಳ ಹಸನು ಮಾಡಿದ ಹಾಗೇ ಅಂತ
ಅವ್ವನಿಗೆ ಹೇಳಿದ್ದೆ; ನಂಬಲಿಲ್ಲ:
‘ಹಳ್ಳು ಯಾವುದು, ಕಾಳು ಯಾವುದು, ಕೈಗೆ ತಿಳೀತೈತಿ.
ನಿನ್ನ ಪರದೆದಾಗ ಕೈ ಆಡ್ತೈತೇನು?’

ಹಿನ್ನೀರು ನುಂಗಿದ ಓಣಿಗಳಿಗೆ ಸೆಕ್ಟರ್ ನಂಬರು ಹಚ್ಚುತ್ತೇನೆ.
ಜೂನ್ ಒಂದಕ್ಕೇ ಹುಟ್ಟಿದ ಇನ್ನೂರೆಂಟು ಮಂದಿಯನ್ನು
ಹಾಗೇ ಬಿಡುತ್ತೇನೆ. ಸಾಲಿ ಮಾಸ್ತರು ಬರೆದದ್ದು,
ಅವರು ಹುಟ್ಟಿದ್ದಂತೂ ಖರೆ.

ಅವತ್ತು ಸಿಕ್ಕಿದ್ದು ಮೂರು ಸಾಲು:
ಜಿ. ಮುರನಾಳ. ಜಿ. ಮುರನಾಳ.
ಜಿ ಮುರನಾಳ, ಚುಕ್ಕಿ ಇಲ್ಲದೆ.
ಒಂದೇ ಫೋನು, ಒಂದೇ ಮನೆ.
ನಕಲು, ಅಂದಿತು ಯಂತ್ರ. ಹೌದು, ಅಂದೆ ನಾನು.
ಕಂತು ಕೂಡಿಸಿದೆ: ಎರಡು ಸಾವಿರದ ಮುನ್ನೂರು.
ವಯಸ್ಸು ಮೂರಿತ್ತು, ಸರಾಸರಿ ಹಿಡಿದೆ: ನಲವತ್ತೇಳು.
ಗುರಿ: ಹಲ್ಲಿನ ಸೆಟ್ಟು. ಸ್ಕೂಟಿ. ಖಾಲಿ.
ಖಾಲಿ ಇದ್ದಲ್ಲಿ ‘ನಿವೃತ್ತಿ’ ತುಂಬುವುದು ನಮ್ಮ ರೂಢಿ.

ಹಲ್ಲು ಕಟ್ಟಿಸಿಕೊಂಡು, ಸ್ಕೂಟಿ ಹತ್ತಿ,
ನಿವೃತ್ತಿಯ ಕಡೆ ಹೊರಟ ಒಬ್ಬಾಕೆ
ನಕ್ಷೆಯಲ್ಲಿ ಎಷ್ಟು ಚೆಂದ ಕಂಡಳು.
‘ಗಟ್ಟಿ ಹೆಣ್ಣಮಗಳು’ ಅಂದರು ಕುಂದರಗಿ ಸರ್.

ಗುರುವಾರ ಮೆಟ್ಟಿಲು ಹತ್ತಿ ಬಂದವು ಮೂರು ನಮೂನೆಯ ಉಸಿರು.
ಗೌರವ್ವ, ಗಿರಿಜವ್ವ, ಗುರುಬಸವ್ವ.
ನೆಗೆಣ್ಣಿಯರು. ರೊಟ್ಟಿ ಬಡಿದು ಮಾರುವವರು.
ಮೂರು ಬರಬೇಕಾದಲ್ಲಿ ಒಂದೇ ಮೆಸೇಜು ಬಂದಿತ್ತು.
ಹಿರಿಯಾಕೆ ಬೊಚ್ಚು ಬಾಯಿ ತುಂಬ ನಕ್ಕು ಕೇಳಿದಳು:
‘ಮೂರು ಮಂದ್ಯಾಗ ಯಾರನ್ನ ಉಳಿಸೀಯವ್ವಾ ತಂಗಿ?’

ಪರದೆ ಅವರ ಕಡೆ ತಿರುಗಿಸಿದೆ.
ಗಿರಿಜವ್ವ ಬೆರಳಿಟ್ಟಳು: ‘ನಲವತ್ತೇಳು ಯಾರದು?’
ಯಾರದೂ ಅಲ್ಲರಿ.
‘ಹಂಗಾರ ಇಷ್ಟು ದಿನ ನಾವು ದುಡಿದು ಹಾಕಿದ್ದು ಇಕಿಗೇನು?’

ಬಿಡಿಸಿದೆ. ಅರವತ್ತೊಂದು, ನಲವತ್ತನಾಲ್ಕು, ಮೂವತ್ತಾರು.
ಐನೂರು ಅವಳಿಗೆ, ಸಾವಿರದೈನೂರು ಇವಳಿಗೆ.
ಮುನ್ನೂರರ ಗುರುಬಸವ್ವನ ಹತ್ತಿರ ಬಂದು
ಗುರಿ ಏನು ಬರೀಲಿ ಅಂದಾಗ
ಅವಳು ಬಾಗಿಲ ಕಡೆ ನೋಡಿದಳು;
ಅಕ್ಕಂದಿರಿಬ್ಬರೂ ಚಪ್ಪಲಿ ಹುಡುಕುತ್ತಿದ್ದರು.
‘ಖಾಲೀನ ಬಿಡ್ರಿ’ ಅಂದಳು ಸಣ್ಣಗೆ.
‘ಐತಿ. ಆದ್ರ ಬರಿಯೂವಂಥಾದ್ದಲ್ಲ.’

ನಿವೃತ್ತಿ ಅಳಿಸಿದೆ.
ಯಂತ್ರ ಆ ಮನೆಯನ್ನು ಕೆಂಪು ಮಾಡಿ ತೋರಿಸಿತು,
ಈಗಲೂ ತೋರಿಸುತ್ತದೆ, ದಿನಾ.

ಸಂಜೆ ಸರ್ ಕೇಳಿದರು,
ಹೊಸ ಫಾರ್ಮು ಒಂದೂ ಇಲ್ಲ, ಗಿರಾಕಿ ಎರಡು ಹೆಚ್ಚು, ಹೆಂಗ?
ಹಸನು ಮಾಡಿದೆ ಸರ್, ಅಂದೆ.

ಅವರು ಕೊಟ್ಟು ಹೋದ ಸಜ್ಜಿ ರೊಟ್ಟಿ ಮುರಿದಾಗ
ಎಳ್ಳೊಂದು ಕೀಬೋರ್ಡಿನ ಸಂದಿಗೆ ಬಿತ್ತು.
ಏಳನ್ನು ಒತ್ತಿದಾಗೊಮ್ಮೆ
ಕರ್ ಅನ್ನುತ್ತದೆ.