ಕಲ್ಲಿಗೆ ಮುಳ್ಳು

ಪುರಸಭೆ ನೋಟಿಸು ಬಂದ ವಾರಾನ
ಹುಲಿಗೆವ್ವತ್ತಿ ಹಂದಿಗೊಳಿಗೆ ದೊಡ್ಡಿ ಕಟ್ಟಿದಾಂವ ನಾನು.
ಓಣಿ ತಿರುಗಿ ಬೆಳೆದ ಹನ್ನೆರಡು ಜೀವ
ಇನ್ನ ಮ್ಯಾಲೆ ನಾಕು ಗ್ವಾಡಿ ನಡುವ.

ಪಾಲಿಶ್ ಫ್ಯಾಕ್ಟರಿ ಹಿಂದ ಬಿದ್ದಿದ್ವು ಗ್ರಾನೈಟ್ ತುಂಡು,
ಅಂಚು ಮುರದಿದ್ವು, ಆದ್ರ ಮುಖ ಕನ್ನಡಿ.
ಕೆಂಪು ಒಂದು, ಕೆಂಪು ಒಂದು, ನಡುವ ಬೂದಿ,
ಸಂದು ಬೆರಳಿಗೆ ತಾಕದಂಗ ಹಾಸಿದೆ.
ಇಳಕಲ್ಲದಾಗ ಸಾವಕಾರರ ಪಡಸಾಲ್ಯಾಗೂ
ಇಂಥಾ ನೆಲ ಇಲ್ಲ ಅಂತ
ನಾನ ನಾಕು ಮಂದಿ ಕರದು ತೋರಿಸಿದೆ.
ಮ್ಯಾಲೆ ತಗಡು. ಹಳೇವು, ಆದ್ರ ತೂತಿಲ್ಲ.

ಅತ್ತಿ ಏನೂ ಅನ್ನಲಿಲ್ಲ.
ಬಗ್ಗಿ ಒಮ್ಮೆ ಅಂಗೈ ಆಡಿಸಿದ್ಲು ನೆಲದ ಮ್ಯಾಲೆ,
ಸೆರಗಿಗೆ ಒರಸಿಕೊಂಡು ಹ್ವಾದ್ಲು.

ಬ್ಯಾಸಗಿ ಬಂತು.
ಹಂದಿಗೆ ಬೆವರು ಇಲ್ಲ, ಗೊತ್ತೇನು?
ನಮಗ ಅಂಗಿ ತೊಯ್ತೈತಿ,
ಅದಕ್ಕ ಕೆಸರ ಅಂಗಿ.
ಆ ಕೆಸರು ನಾ ತಗಸಿ ಹಾಕಿದ್ದೆ, ಚಂದ ಕಾಣಲಿ ಅಂತ.
ನಡು ಮಧ್ಯಾಹ್ನ ತಗಡಿನ ಕೆಳಗ
ಬಾಯಿ ತೆರದು ತೇಕತಿದ್ವು,
ತಮ್ಮ ಉಚ್ಚಿಯೊಳಗ ತಾವ ಹೊರಳಿ.

ಕೆಲಸ ಇಲ್ಲದ ಮೂತಿ ಏನು ಮಾಡಬೇಕು?
ಕೆದರಾಕ ಮಣ್ಣಿಲ್ಲ, ಹುಡುಕಾಕ ಕಸ ಇಲ್ಲ.
ಮುಂದ ನಿಂತದ್ದರ ಬಾಲ ಇತ್ತು.
ಮೊದಲ ಚೀಪಿತು,
ಆಮ್ಯಾಲೆ ಕಡೀತು.
ಒಂದರ ರಕ್ತದ ರುಚಿ ಐದಕ್ಕ ಹತ್ತಿತು.

ಮದುವಿ ಮುಸುರಿ ಎರಡು ಡ್ರಮ್ಮು
ಸಣ್ಣಗಿರಿಯ ಗಾಡಿ ಮ್ಯಾಲೆ ತಂದು ಸುರುವಿದ:
ಉಪ್ಪಿನಕಾಯಿ ರಸ, ಹಪ್ಪಳ, ಉಪ್ಪು ಹಚ್ಚಿದ ಮೆಣಸಿನಕಾಯಿ.
ಅವತ್ತ ನಳಾ ಬರಲಿಲ್ಲ. ಮರುದಿನಾನೂ ಬರಲಿಲ್ಲ.
ಮೂರನೇ ದಿನ ಒಂದು ಮರಿ
ಗ್ವಾಡಿಗೆ ಹಣಿ ಒತ್ತಿ ನಿಂತಿತ್ತು,
ಆಚೀ ಕಡಿಂದ ಯಾರೋ ಕರದಂಗ.

ಡಾಕ್ಟರಬಾಯಿ ಕಣ್ಣಿನ ರೆಪ್ಪಿ ಎತ್ತಿ ನೋಡಿದ್ರು.
'ಉಪ್ಪು' ಅಂದ್ರು. 'ಉಪ್ಪಿಗಿಂತ, ನೀರಿಲ್ಲದ್ದು.
ಈಗ ಒಮ್ಮೆಲೆ ಕೊಡಬ್ಯಾಡ್ರಿ, ಗುಟುಕು, ಗುಟುಕು.'
ಅತ್ತಿ ಚಮಚದಾಗ ಕುಡಿಸಿದ್ಲು ಬೆಳಗಾಗೂ ತನಕ.
ಬೆಳಗಾತು. ಮರಿ ಇರಲಿಲ್ಲ.

ಕರೇಕಿಗೆ ದಿನ ತುಂಬಿದ್ವು.
ರಾತ್ರಿಯೆಲ್ಲಾ ಮುಂಗಾಲಿಲೆ ನೆಲ ಕೆರೀತು,
ಗೂಡು ಮಾಡಬೇಕಲ್ಲ, ಹಡಿಯೂ ಮುಂದ.
ಆ ಕನ್ನಡಿಯೊಳಗ ಏನ ಸಿಗತೈತಿ?
ಕರಕರ, ಕರಕರ,
ಎರಡು ಮನಿ ಆಚೆ ಮಲಗಿದ ನನಗೂ ಕೇಳತಿತ್ತು.
ಹಡದು ಏಳೂದಕ್ಕ ಹೋಗಿ ಕಾಲು ಜಾರಿ
ತನ್ನ ಎರಡು ಮರಿ ಮ್ಯಾಲೆ ತಾನ ಬಿತ್ತು.

ನಾ ಹೋದಾಗ ಅತ್ತಿ ಬುಟ್ಟಿ ಮುಚ್ಚಿ ಕುಂತಿದ್ಲು.
'ಕಣ್ಣಿಗೆ ಕಟ್ಟೀದಿಯಪ್ಪಾ' ಅಂದ್ಲು, 'ಕಾಲಿಗೆ ಕಟ್ಟಿಲ್ಲ.'
ಬೈದಿದ್ರ ಚೊಲೊ ಇತ್ತು.

ನಮ್ಮಪ್ಪ ಬೀಸೂ ಕಲ್ಲಿಗೆ ಮುಳ್ಳು ಹೊಡಿತಿದ್ದ,
ಓಣಿ ಓಣಿ ಒದರಿಕೋತ.
ಆ ಕಸಬು ಹಿಟ್ಟಿನ ಗಿರಣಿ ನುಂಗಿತು.
ಅಟ್ಟದ ಮ್ಯಾಲಿಂದ ಅವನ ಚಾಣ ಇಳಿಸಿ
ಎರಡು ದಿನ ಕುಂತೆ.
ಪಾಲಿಶ್ ಹಚ್ಚೂ ಕೈಲೇ ಪಾಲಿಶ್ ಕೆಡಿಸಿದೆ.
ಟಕ್, ಟಕ್,
ಕಲ್ಲಿನಾಗ ಕಾಣತಿದ್ದ ನನ್ನ ಮಾರಿ
ಒಂದೊಂದ ಚುಕ್ಕಿ ಆಗಿ ಹೋತು.
ಮೂಲ್ಯಾಗಿನ ನಾಕು ಕಲ್ಲು ಕಿತ್ತು ಒಗದೆ, ಅಲ್ಲಿ ಕೆಸರು.
ತಗಡಿನ ಮ್ಯಾಲೆ ಕಬ್ಬಿನ ರವದಿ, ಒಳಗ ಜ್ವಾಳದ ಕಣಕಿ.
ಸಣ್ಣಗಿರಿಯ ನಳದ ಪೈಪು ಬಿಟ್ಟು
ಬೋರಿಂದು ಎಳದ.

ಕರೇಕಿ ಬಾಗಲದಾಗ ನಿಂತಿತು.
ಒಂದು ಗೊರಸು ಇಟ್ಟಿತು. ತಡದಿತು.
ಇನ್ನೊಂದು ಇಟ್ಟಿತು.
ಹಡಿಯೂದು ಮುಗದು ಹನ್ನೊಂದು ದಿನ ಆಗಿತ್ತು,
ಆದರೂ ಬಾಯಿತುಂಬ ಕಣಕಿ ಕಚ್ಚಿಕೊಂಡು
ಮೂಲಿಗೆ ಒಯ್ದು ಒಟ್ಟಾಕ ಹತ್ತಿತು.
ನಾ ಅಲ್ಲಿ ನಿಲ್ಲಲಿಲ್ಲ.

ನಮ್ಮ ಅಡಗಿ ಮನ್ಯಾಗೂ ಅದ ಫ್ಯಾಕ್ಟರಿ ಕಲ್ಲು,
ಹ್ವಾದ ವರ್ಷ ನಾನ ಹಾಸಿದ್ದು.
ಅವ್ವ ಕೊಡ ಇಳಿಸಿ ಒಲಿ ಕಡೆ ಹೊಂಟಿದ್ಲು,
ಗ್ವಾಡಿ ಹಿಡಕೊಂಡು.
ಗ್ವಾಡಿಗುಂಟ, ಸೊಂಟದ ಎತ್ತರಕ್ಕ,
ಸುಣ್ಣ ಕರ್ರಗಾಗಿ ಒಂದು ಗೆರಿ.
ವರ್ಷ ಆತು, ನಾ ನೋಡಿರಲಿಲ್ಲ.

ಚಾಣ ಇನ್ನಾ ಚೀಲದಾಗ ಇತ್ತು.