ಹಾಜರಿ ಪುಸ್ತಕ

ಕಪಾಟಿನ ಕೆಳಗಿನ ಖಾನೆ ಗೆದ್ದಲಿಗೆ ಬಿಟ್ಟದ್ದು.
ಹುಸೇನ್‌ಪೀರ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ
ಒಂದೊಂದೇ ತಂದು ನನ್ನ ಮೇಜಿನ ಮೇಲಿಟ್ಟ.
"ಪಾದ್ರಿ ಕಾಲದ್ದು ಮೇಡಂ, ಮೆಲ್ಲಗ ತೆಗೀರಿ,
ಹಾಳಿ ಹಪ್ಪಳ ಆಗ್ಯಾವ."

ಆರ್ಚಿಬಾಲ್ಡ್ ಮೆಕ್‌ಫೇಲ್. ನೇಕಾರನ ಮಗ.
ಪ್ರೆಸ್ಬಿಟೇರಿಯನ್ ಸಭೆ ಕಳಿಸಿದವನು.
ಮದರಾಸಿನಲ್ಲಿ ಹಡಗಿಳಿದು ಎತ್ತಿನ ಗಾಡಿಯಲ್ಲಿ
ಹತ್ತೊಂಬತ್ತು ದಿನ ಅಲುಗಾಡಿ
ಬಳ್ಳಾರಿ ಗುಡ್ಡದ ಕೆಳಗೆ ಇಳಿದ.
ಬಂಡೆಯ ಮೇಲೆ ಮನೆ ಕಟ್ಟಿದವನ ಕಥೆ ಬಾಯಿಪಾಠವಿತ್ತು;
ಬಂಡೆ ಇಷ್ಟು ಕಾಯುತ್ತದೆಂದು
ಯಾರೂ ಹೇಳಿರಲಿಲ್ಲ.

ಹೇಳಿದವನು ಮುನ್ಷಿ ಮರುಳಯ್ಯ, ಮೊದಲ ಪಾಠದಲ್ಲೇ:
ನೀರು ಕಾಯುತ್ತದೆ. ನಾಯಿ ಕಾಯುತ್ತದೆ.
ಮಗ ಬರಲೆಂದು ತಾಯಿ ಕಾಯುತ್ತಾಳೆ.
"ಎಲ್ಲಕ್ಕೂ ಒಂದೇ ಮಾತೇ?"
"ಬಿಸಿಲೂರು ಸ್ವಾಮಿ, ಮಾತಿಗೂ ನೆರಳು ಕಡಿಮೆ."
ಮುಂದಿನ ಭಾನುವಾರ ಪಾದ್ರಿ ಪೀಠದಿಂದ ನುಡಿದ:
ದೇವರು ನಿಮಗಾಗಿ ಕುದಿಯುತ್ತಿದ್ದಾನೆ.
ನಕ್ಕವರಿಗೆಲ್ಲ ಹಾಜರಿ ಕೊಟ್ಟ.

ನಿಯಮ ಅವನದೇ: ತಡವಾದರೆ ಅರ್ಧಾಣೆ, ಗೈರಿಗೆ ಒಂದಾಣೆ.
ಪಟ್ಟಿಯ ಕೊನೆಗೆ ತನ್ನ ಹೆಸರನ್ನೂ ಬರೆದಿದ್ದಾನೆ,
ಕುರುಗೋಡಿನ ಎರ್ರಿಸ್ವಾಮಿ, ಗುಲಾಂ ದಸ್ತಗೀರ,
ದಂಡಿನ ಪೇಟೆಯ ದೇವಸಹಾಯಂ ಇವರ ಕೆಳಗೆ.

ಅರವತ್ತೊಂದರ ಜೂನ್.
ಕೇರಿಯ ದುರುಗಪ್ಪ ಅಂತ ಹೊಸ ಹೆಸರು, ಮುಂದಿನ ಬೆಂಚು.
ಮರುದಿನದ ಪುಟದಲ್ಲಿ ಇಪ್ಪತ್ತಮೂರು ಹೆಸರಿಗೆ ಗೆರೆ.
ಮುನ್ಷಿ ಮರುಳಯ್ಯ: ಹೊಟ್ಟೆನೋವು, ಹನ್ನೊಂದು ದಿನ ರಜೆ.
ನಾಲ್ಕು ಹುಡುಗರಿಗೆ ಪಾಠ ನಡೆದಿದೆ,
ಯೂಕ್ಲಿಡ್, ಮೋಡಿ ಅಕ್ಷರ, ಭೂಪಟ,
ಒಂದು ದಿನವೂ ಬಿಡದೆ.
ಶ್ರಾವಣದ ಹೊತ್ತಿಗೆ ಒಬ್ಬೊಬ್ಬರೇ ವಾಪಸ್ಸು.
ಅವನು ಹೊಸ ಪಟ್ಟಿ ಮಾಡಲಿಲ್ಲ.
ಹೊಡೆದ ಗೆರೆಯ ಮೇಲೇ ಹಾಜರಿ ಗುರುತು.
ಆ ಬೆಂಚಿನ ಕಥೆ ನಮ್ಮ ಮನೆಯಲ್ಲೂ ಇದೆ,
ಅಜ್ಜಿ ಹೇಳುವಾಗ ಅದರಲ್ಲಿ ಪಾದ್ರಿಯೇ ಇರುತ್ತಿರಲಿಲ್ಲ,
ಬೆಂಚು ಮಾತ್ರ,
ಕೂತರೆ ನೆಲಕ್ಕೆ ಮುಟ್ಟದ ಕಾಲು ಮಾತ್ರ.

ಅರವತ್ತಾರು, ಏಪ್ರಿಲ್ ಒಂಬತ್ತು.
ಮೆಕ್‌ಫೇಲ್: ಗೈರು. ಎರಡು ತಾಸು.
ಕಾರಣದ ಖಾನೆಯಲ್ಲಿ ಸೊಟ್ಟ ಕನ್ನಡ:
"ಮಗಳು ಎಲ್ಸ್‌ಪೆತ್. ಆರು ವರುಷ. ಮಣ್ಣು."
ದಂಡ ಒಂದಾಣೆ. ಪಾವತಿ.
ಮೂರನೆಯ ತಾಸಿಗೆ ಹಾಜರು.

ಈ ಪುಟದ ಮೇಲೆ ನನಗೆ ಸಿಟ್ಟು ಬಂತು.
ಯಾವ ದೇವರು ಕೇಳಿದ್ದ ಈ ಲೆಕ್ಕ?
ಹೆಂಡತಿಯ ಹೆಸರು ಎಲ್ಲೂ ಇಲ್ಲ.
ಅವಳ ಗೈರು, ಅವಳ ಹಾಜರಿ
ಯಾರ ಪುಸ್ತಕದಲ್ಲಿ?

ಅವನು ಸತ್ತದ್ದನ್ನು ಯಾರೂ ಬರೆದಿಲ್ಲ.
ಜುಲೈ ಹತ್ತಕ್ಕೆ ಅಕ್ಷರ ಬದಲಾಗಿದೆ, ಅಷ್ಟೇ:
ದುಂಡಗೆ, ಮುನ್ಷಿಯ ಕೈಯವು.
ಪಟ್ಟಿಯ ಕೊನೆಯ ಹೆಸರನ್ನು ಹೊಡೆದು ಹಾಕಿಲ್ಲ,
ಗೈರೆಂದೂ ಗುರುತಿಲ್ಲ.
ತಿಂಗಳು ಮುಗಿಯುವ ತನಕ ಆ ಸಾಲು ಖಾಲಿ.

ಕಂಪ್ಯೂಟರಿನ ನಮೂನೆಗೆ ಖಾಲಿ ಬಿಟ್ಟರೆ ಆಗುವುದಿಲ್ಲ.
ಏನಾದರೂ ತುಂಬಿ ಅನ್ನುತ್ತದೆ, ಕೆಂಪಗೆ.
ಬೆರಳು ಇಟ್ಟುಕೊಂಡು ಕೂತೆ.
ಕಿಟಕಿಯಾಚೆ ಮೂರರ ಬಿಸಿಲಿಗೆ
ಗುಡ್ಡ ಕಾಯುತ್ತಿತ್ತು.
"ಚಾ ಕಾಯಾಕ ಇಟ್ಟೀನಿ," ಅಂದ ಹುಸೇನ್‌ಪೀರ,
"ಮುಂದಿನದು ತರಲೇನ್ರಿ?"